ಕರಿ ಕಂಬಳಿ, ಬಿಳಿ ಆಕಾಶ

ಕರಿ ಕಂಬಳಿಯನ್ನು ಮೊಬೈಲಿನಲ್ಲಿ ತೆಗೆದರೆ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಕ್ಯಾಮೆರಾಕ್ಕೆ ಕಪ್ಪು ಕಂಡರೆ ಆಗುವುದಿಲ್ಲ. ಎದುರಿಗೆ ಕಪ್ಪು ಬಂದ ಕೂಡಲೇ ಬೆಳಕು ಸಾಲದೆಂದು ತಿಳಿದು ತಾನೇ ಬೆಳಕು ಏರಿಸಿಕೊಳ್ಳುತ್ತದೆ. ಹೀಗಾಗಿ ಒಳ್ಳೆಯ ಕುರಿಯುಣ್ಣೆಯ ಕಂಬಳಿ ಪರದೆಯ ಮೇಲೆ ಒಲೆ ಒರೆಸುವ ಅರಿವೆಯ ಹಾಗೆ ಕಾಣುತ್ತದೆ. ಇದು ನನಗೆ ಗೊತ್ತಿತ್ತು, ನನ್ನ ಓರಗಿತ್ತಿಗೆ ಗೊತ್ತಿರಲಿಲ್ಲ. ಈ ಪ್ರಸಂಗದಲ್ಲಿ ನನ್ನ ಕಡೆಗಿದ್ದ ಲಾಭ ಇದೊಂದೇ, ಅದಕ್ಕೇ ಮೊದಲಿಗೆ ಹೇಳಿಬಿಟ್ಟೆ.

ನಮ್ಮದು ಸೊಲ್ಲಾಪುರದಲ್ಲಿ ಚಾದರ, ಟವೆಲ್ಲು, ಕಂಬಳಿ ಮಾರುವ ಮನೆತನದ ಅಂಗಡಿ. ಅಂಗಡಿಯ ಮಾಳಿಗೆಯಲ್ಲಿ ಉತ್ತರಕ್ಕೆ ಕಿಟಕಿಯಿರುವ ಒಂದು ಕೋಣೆ ಇದೆ. ಹಳೆಯ ರಟ್ಟಿನ ಖೋಕಿಗಳನ್ನು ಹೊರಗೆ ಹಾಕಿಸಿ, ಸುಣ್ಣ ಹಚ್ಚಿಸಿ, ದೀಪ, ಬೆಳಕಿನ ಛತ್ರಿ, ಸ್ಟ್ಯಾಂಡು ಜೋಡಿಸಿ ಅದನ್ನು ಸ್ಟುಡಿಯೋ ಮಾಡಿಕೊಂಡವಳು ನಾನು. ಅಂಗಡಿಯ ಎಲ್ಲ ಫೋಟೋ ಅಲ್ಲೇ ಆಗುತ್ತಿದ್ದವು. ಅದರಲ್ಲಿ ದೊಡ್ಡ ಕೆಲಸವೆಂದರೆ ಕ್ಯಾಲೆಂಡರು. ನಮ್ಮ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಚಿತ್ರ ಇರುವುದಿಲ್ಲ. ಮೇಲೆ ಒಂದೇ ದೊಡ್ಡ ಚಿತ್ರ, ಕೆಳಗೆ ಹರಿದು ತೆಗೆಯುವ ತಿಂಗಳ ಹಾಳೆಗಳು. ಗಿರಾಕಿಗಳ ಮನೆಯಲ್ಲಿ ಆ ಚಿತ್ರ ವರ್ಷಪೂರ್ತಿ ತೂಗುತ್ತದೆ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಛಾಯಾಗ್ರಾಹಕಿ ಎಂದು ನನ್ನ ಹೆಸರು ಇರುತ್ತಿತ್ತು.

ನನ್ನ ಚಿತ್ರಗಳು ತುಂಬಿದ ಸಂಸಾರದ ಹಾಗೆ. ಚಾದರಗಳ ರಾಶಿ, ಮುಂದೆ ದೀಪ ಹಚ್ಚುವ ಹಿತ್ತಾಳೆ ಸಮೆ, ಪಕ್ಕಕ್ಕೆ ಚೆಂಡುಹೂ, ಹಿಂದೆ ಜರಿಯ ಪರದೆ, ನಡುವೆ ನಗುವ ಹುಡುಗಿ. ಸಾಸಿವೆ ಚೆಲ್ಲಿದರೆ ಕೆಳಗೆ ಬೀಳಬಾರದು. ಗಿರಾಕಿಗಳಿಗೂ ಅದೇ ಸೇರುತ್ತಿತ್ತು, ಅಥವಾ ನಾನು ಹಾಗೆ ತಿಳಿದಿದ್ದೆ.

ಹೀಗಿರುವಾಗ ಓರಗಿತ್ತಿ ಒಂದು ದಿನ ಮಾಳಿಗೆಯ ಮೇಲೆ ಅರಿವೆ ಒಣಗಹಾಕಲು ಹೋದವಳು ಒಂದು ಬಿಳಿ ಟವೆಲ್ಲಿನ ಫೋಟೋ ತೆಗೆದಳು. ಒಂದು ಹಗ್ಗ, ಒಂದು ಟವೆಲ್ಲು, ಒಂದು ನೀಲಿ ಕ್ಲಿಪ್ಪು. ಉಳಿದದ್ದೆಲ್ಲ ಖಾಲಿ ಆಕಾಶ. ಅಂಗಡಿಯ ಇಂಟರ್ನೆಟ್ ಪುಟದಲ್ಲಿ ಹಾಕಿದ ಮೇಲೆ ಪುಣೆಯ ವ್ಯಾಪಾರಿಯೊಬ್ಬ ಫೋನು ಮಾಡಿ, ಈ ಟವೆಲ್ಲು ಎಷ್ಟು ಬೇಕಾದರೂ ಕಳಿಸಿ ಎಂದ. ಅದೇ ಟವೆಲ್ಲಿನ ಫೋಟೋ ನಾನು ಹಿತ್ತಾಳೆ ಸಮೆಯ ಜೊತೆ ತೆಗೆದು ಹಾಕಿ ಆಗಲೇ ಬಹಳ ದಿನ ಆಗಿತ್ತು. ಆಗ ಯಾರೂ ಕೇಳಿರಲಿಲ್ಲ. ಮಾವನವರು ಬಂದವರಿಗೆಲ್ಲ ಮೊಬೈಲು ಹಿಡಿದು ತೋರಿಸುತ್ತಿದ್ದರು. ಸಣ್ಣ ಸೊಸೆ ತೆಗೆದದ್ದು ಎಂದು ಹೇಳುವಾಗ ಅವರ ದನಿ ಒಂದು ಮೆಟ್ಟಿಲು ಮೇಲೇರುತ್ತಿತ್ತು. ನನಗೆ ಹೊಟ್ಟೆಕಿಚ್ಚು ಬಂತು. ಅದಕ್ಕೆ ಕಲೆಯ ಬಗೆಗಿನ ಕಾಳಜಿ, ಗುಣಮಟ್ಟದ ಪ್ರಶ್ನೆ ಎಂದು ಬೇರೆ ಬೇರೆ ಹೆಸರು ಇಡಬಹುದು. ನಾನು ಇಡುವುದಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ, ಊಟದ ಹೊತ್ತಿನಲ್ಲಿ ಮಾವನವರು ಕ್ಯಾಲೆಂಡರಿನ ಮಾತು ತೆಗೆದರು. ಈ ಸಲ ಕಂಬಳಿಯ ಚಿತ್ರ ಹಾಕೋಣ, ಅದೂ ಈ ಟವೆಲ್ಲಿನ ಹಾಗೆ ಇರಲಿ ಎಂದರು.

“ಫಕ್ತ ಒಂದು ಕಂಬಳಿ ಇರಬೇಕು. ಹೂವು ಬ್ಯಾಡ, ಸಮೆ ಬ್ಯಾಡ. ನೋಡಿದವ್ರಿಗಿ ಬೆಚ್ಚಗ ಅನಸಬೇಕು, ಅಷ್ಟ. ಇಬ್ರೂ ಒಂದೊಂದು ತಗೀರಿ, ಒಬ್ರದು ಒಬ್ರಿಗಿ ತೋರಸಬ್ಯಾಡ್ರಿ. ಯಾರದು ಆರಿಸ್ತೀವಿ, ಮುಂದ ಅಂಗಡಿ ಫೋಟೋ ಅವ್ರದ, ಮ್ಯಾಲಿನ ಖೋಲಿನೂ ಅವ್ರದ.”

ಮೇಲಿನ ಖೋಲಿ ಎಂದರೆ ನನ್ನ ಸ್ಟುಡಿಯೋ. ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಓರಗಿತ್ತಿ ತಲೆ ತಗ್ಗಿಸಿಕೊಂಡು, ಖೋಲಿ ಅಕ್ಕನದೇ ಇರಲಿ ಎಂದು ಏನೋ ಗೊಣಗಿದಳು. ಅವಳು ಹಾಗೆ ಹೇಳಿದ್ದು ನನಗೆ ಮತ್ತಷ್ಟು ಖಾರ ಹಚ್ಚಿತು. ನಾನೂ ಮೊಬೈಲಿನಲ್ಲೇ ತೆಗೆಯುತ್ತೇನೆ, ದೊಡ್ಡ ಕ್ಯಾಮೆರಾ ಮುಟ್ಟುವುದಿಲ್ಲ, ದೀಪವನ್ನೂ ಹಚ್ಚುವುದಿಲ್ಲ ಎಂದುಬಿಟ್ಟೆ. ಸಾಮಾನಿನ ಬಲದಿಂದ ಗೆದ್ದಳು ಎಂದು ಯಾರೂ ಅನ್ನಬಾರದಲ್ಲ. ನನ್ನ ಗಂಡ ಮೇಜಿನ ಕೆಳಗೆ ಕಾಲು ತುಳಿದ. ಆದರೆ ಮಾತು ಆಗಲೇ ಬಾಯಿಂದ ಹೊರಬಿದ್ದಿತ್ತು.

ಮರುದಿನದಿಂದ ಕೋಣೆಯಲ್ಲಿ ಕೆಲಸ ಶುರುವಾಯಿತು. ಅಂಗಡಿಯಿಂದ ಹೊಸ ಕಂಬಳಿ ತಂದು ಕಿಟಕಿಯ ಪಕ್ಕ ಇಳಿಬಿಟ್ಟೆ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಕುಡಿಸಿರುತ್ತಾರೆ. ಅದು ಬಿದ್ದಲ್ಲಿ ಮಡಿಕೆ ಆಗುವುದಿಲ್ಲ, ತಗಡಿನ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೋಡಿದರೆ ಬೆಚ್ಚಗೆ ಅನಿಸುವ ಮಾತು ದೂರ, ಬಾಗಿಲು ಕಿತ್ತಿಟ್ಟ ಹಾಗೆ ಇತ್ತು. ಹಿಂದೆ ಬಿಳಿ ಚಾದರ ಕಟ್ಟಿದೆ, ಅದರ ಸುಕ್ಕುಗಳು ಕಂಬಳಿಗಿಂತ ಜೋರಾಗಿ ಕಂಡವು. ಥರ್ಮಾಕೋಲ್ ಹಾಳೆ ಇಟ್ಟೆ. ಉಣ್ಣೆಯ ಎಳೆಗಳು ಹಾರಿ ಹೋಗಿ ಅದರ ಮೇಲೆ ಕೂತವು. ಒಂದೊಂದನ್ನೇ ಹೆಕ್ಕಿ ತೆಗೆದು ಬರುವಷ್ಟರಲ್ಲಿ ಕಿಟಕಿಯ ಬೆಳಕು ಸರಿದಿರುತ್ತಿತ್ತು.

ಕಡಿಮೆ ಇಟ್ಟು ಚಿತ್ರ ತೆಗೆಯುವುದು ಸುಲಭ ಎಂದು ತಿಳಿದವರು ಒಮ್ಮೆ ಮಾಡಿ ನೋಡಬೇಕು. ತುಂಬಿದ ಚಿತ್ರದಲ್ಲಿ ಒಂದು ತಪ್ಪನ್ನು ಹೂವಿನ ಹಿಂದೆ ಮುಚ್ಚಬಹುದು. ಖಾಲಿ ಚಿತ್ರದಲ್ಲಿ ಒಂದು ಎಳೆ ಅಡ್ಡ ಬಿದ್ದರೂ ಅದು ಮನೆಗೆ ಬಂದ ಬೀಗರ ಹಾಗೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಒಂದು ವಾರದ ಕೊನೆಗೆ ನನ್ನ ಬಳಿ ಬೂದಿ ಬಣ್ಣದ ಬಾಗಿಲುಗಳ ಫೋಟೋಗಳು ಬೇಕಾದಷ್ಟಿದ್ದವು. ಓರಗಿತ್ತಿ ಇನ್ನೂ ಒಂದನ್ನೂ ತೆಗೆದಿರಲಿಲ್ಲ. ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದಳು.

ಬಳಸಿ ಮೆತ್ತಗಾದ ಕಂಬಳಿ ಬೇಕು, ಹಿಂದೆ ಸುಕ್ಕಿಲ್ಲದ ಬಿಳುಪು ಬೇಕು. ಆ ಬಿಳುಪು ಮೋಡದ ಆಕಾಶದಲ್ಲಿ ಪುಕ್ಕಟೆ ಸಿಗುತ್ತದೆ ಎನ್ನುವುದು ಕಡೆಗೆ ಹೊಳೆಯಿತು. ನಮ್ಮ ಅಂಗಡಿಗೆ ಕಂಬಳಿ ಕೊಡುವ ಹಾಲುಮತದ ಕುರುಬ ಅಜ್ಜ ಅಜ್ಜಿ ಅಕ್ಕಲಕೋಟ ತಾಲೂಕಿನ ಚಪಳಗಾಂವದವರು. ಅಕ್ಕಲಕೋಟ ನನ್ನ ತವರು. ಆ ಕಡೆಯ ಹೊಲಗಳು ನನಗೆ ಗೊತ್ತು. ಹೋಗಿ ಬರುತ್ತೇನೆ ಎಂದು ಮಾವನವರಿಗೆ ಹೇಳಿದೆ. ಅವರು ಒಳ್ಳೆಯದಾಯಿತು, ಸಣ್ಣಾಕೆಯನ್ನೂ ಕರೆದುಕೊಂಡು ಹೋಗು, ಇಬ್ಬರಿಗೂ ಒಂದೇ ಕಂಬಳಿ, ಒಂದೇ ಬೆಳಕು ಸಿಕ್ಕರೆ ನ್ಯಾಯ ಎಂದರು. ವ್ಯಾಪಾರಿಗಳ ನ್ಯಾಯ ಹೀಗೇ ಇರುತ್ತದೆ, ಎರಡು ತಟ್ಟೆಯೂ ಸಮ ಇರಬೇಕು.

ಬೆಳಿಗ್ಗೆ ಎಸ್‍ಟಿ ಬಸ್ಸು ಹತ್ತಿದೆವು. ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೊರಟವರಿಂದ ಬಸ್ಸು ತುಂಬಿತ್ತು. ಓರಗಿತ್ತಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಏನೇನೋ ತೆಗೆಯುತ್ತಿದ್ದಳು: ಎದುರಿನ ಸೀಟಿನ ಮೇಲೆ ಯಾರೋ ಬಿಟ್ಟ ಟೊಪ್ಪಿಗೆ, ಬಸ್ಸಿನ ಕಂಬಿ ಹಿಡಿದ ಒಂದು ಕೈ. ನಾನು ನನ್ನ ಮೊಬೈಲನ್ನು ಪರ್ಸಿನಿಂದ ತೆಗೆಯಲಿಲ್ಲ. ಓರೆಗಣ್ಣಿನಿಂದ ಅವಳ ಪರದೆ ನೋಡುತ್ತಿದ್ದೆ. ಆ ಕೈಯ ಚಿತ್ರ ಚೆನ್ನಾಗಿತ್ತು. ದೇವರು ಕೆಲವರಿಗೆ ಕಲಿಯದೇ ಬರುವಂತೆ ಮಾಡುತ್ತಾನೆ, ಉಳಿದವರನ್ನು ಅವರ ಪಕ್ಕದ ಸೀಟಿನಲ್ಲಿ ಕೂಡಿಸುತ್ತಾನೆ.

ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಚಪಳಗಾಂವಕ್ಕೆ ಹೋದೆವು. ಅಜ್ಜ ಅಜ್ಜಿ ಊರಲ್ಲಿ ಇರಲಿಲ್ಲ. ಕುರನೂರ ಡ್ಯಾಮಿನ ಕಡೆಗೆ ಯಾರದೋ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದಾರೆ ಎಂದು ತಿಳಿಯಿತು. ಟಂಟಂ ಹಿಡಿದು ಅಲ್ಲಿಗೆ ಹೋದೆವು. ಜೋಳ ಬಿತ್ತುವುದಕ್ಕೆ ಹರಗಿ ಹದ ಮಾಡಿದ ಕರಿ ಹೊಲ, ತುದಿ ಕಾಣುವುದಿಲ್ಲ. ಮೇಲೆ ತೊಳೆದಿಟ್ಟ ಹಾಗೆ ಬಿಳಿ ಮೋಡ. ಒಂದು ಬದಿಗೆ ಕುರಿಗಳ ಬಲೆ, ಅದರ ಪಕ್ಕ ಅಜ್ಜಿಯ ಒಲೆ. ಅಜ್ಜ ದೊಡ್ಡ ಕುರಿಗಳನ್ನು ನೀರಿಗೆ ಹೊಡೆದುಕೊಂಡು ಹೋಗಿದ್ದ.

ಹೊಲದ ನಡುವೆ ಒಂದು ಕೋಲು ನೆಟ್ಟಿತ್ತು, ಕೋಲಿನ ಮೇಲೆ ಒಂದು ಕರಿ ಕಂಬಳಿ. ಸುತ್ತ ಏನೂ ಇರಲಿಲ್ಲ, ದೂರದಲ್ಲಿ ನಾಲ್ಕಾರು ಮರಿಗಳು ಮಾತ್ರ ಮಲಗಿದ್ದವು. ಅದನ್ನು ಮೊದಲು ನೋಡಿದವಳು ನಾನು. ಓರಗಿತ್ತಿ ಆಗ ಅಜ್ಜಿಯ ಕೈಯಿಂದ ನೀರಿನ ತಂಬಿಗೆ ಇಸಿದುಕೊಂಡು ಕುಡಿಯುತ್ತಿದ್ದಳು. ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ಕಂಬಳಿಯನ್ನು ಹಾಗೇಕೆ ನಿಲ್ಲಿಸಿದ್ದೀರಿ ಎಂದು ಅಜ್ಜಿಯನ್ನು ಕೇಳಿದೆ. ಮರಿಗಳ ಸಲುವಾಗಿ ಎಂದಳು ಅಜ್ಜಿ.

“ಮುದುಕ ಅಲ್ಲೇ ನಿಂತಾನಂತ ತಿಳಕೋತಾವ. ಅಂವ ನೀರಿಗಿ ಹೋಗಿ ಬರೂತನಾ ಎಲ್ಲೂ ಹೋಗಂಗಿಲ್ಲ.”

ಚಿತ್ರ ತಾನಾಗಿಯೇ ನಿಂತುಕೊಂಡು ನನ್ನನ್ನು ಕಾಯುತ್ತಿತ್ತು. ಫೋಟೋ ತೆಗೆಯಬಹುದೇ, ಕಂಬಳಿಯನ್ನು ಸ್ವಲ್ಪ ಆಚೆಗೆ ಈಚೆಗೆ ಸರಿಸಬಹುದೇ ಎಂದು ಕೇಳಿದೆ. ಸರಿಸಿ ಎಂದಳು ಅಜ್ಜಿ, ಆದರೆ ನಮ್ಮ ಕಾಲು ನೋಡಿದಳು.

“ಚಪ್ಪಲಿ ಬಿಟ್ಟು ಮುಟ್ರಿ, ಯವ್ವಾ. ಬೀರೋಬಾ ದೇವರ ಗದ್ದಿಗಿಗಿ ಹಾಸಿದ ಕಂಬಳಿ ಐತಿ. ನೆಲಕ್ಕ ಬಿದ್ರ ಹಂಗ ಬಿಡಬ್ಯಾಡ್ರಿ.”

ಇಬ್ಬರೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊಲಕ್ಕೆ ಇಳಿದೆವು. ಹರಗಿದ ಮಣ್ಣು ಮೆತ್ತಗಿತ್ತು. ಆದರೆ ಅದರಲ್ಲಿ ನೆಗ್ಗಿಲ ಮುಳ್ಳು ಇದ್ದೇ ಇರುತ್ತದೆ.

ನಿಂತು ನೋಡಿದರೆ ಕೆಲಸ ಕೆಟ್ಟಿತು. ಕರಿ ಮಣ್ಣಿನ ಮೇಲೆ ಕರಿ ಕಂಬಳಿ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಆಕಾಶ ಹಿಂದೆ ಬರಬೇಕಾದರೆ ಕ್ಯಾಮೆರಾ ನೆಲಕ್ಕೆ ಹತ್ತಬೇಕು. ಮಂಡಿಯೂರಿದೆ, ಸಾಲಲಿಲ್ಲ. ಮೊಬೈಲಿನ ಕಣ್ಣು ಮೇಲಿನ ತುದಿಗೆ ಇರುತ್ತದೆ. ಅದನ್ನು ತಲೆಕೆಳಗು ಹಿಡಿದರೆ ಕಣ್ಣು ಮಣ್ಣಿನ ಸಮಕ್ಕೆ ಬರುತ್ತದೆ. ಹಾಗೆ ಹಿಡಿದು, ಹೊಟ್ಟೆಯ ಮೇಲೆ ಮಲಗಿಯೇಬಿಟ್ಟೆ. ಈಗ ಮಣ್ಣು ಕೆಳಗೆ ಒಂದು ತೆಳು ಪಟ್ಟಿಯಾಯಿತು, ಕಂಬಳಿ ಪೂರ್ತಿ ಆಕಾಶದಲ್ಲಿ ನಿಂತಿತು. ಕಂಬಳಿಯ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಕಟ್ಟಿಹಾಕಿದೆ, ಆಮೇಲೆ ಅದನ್ನು ಕೆಳಕ್ಕೆ ಜಗ್ಗಿದೆ. ಬೂದಿ ಹೋಗಿ ಕಪ್ಪು ಬಂತು. ಆ ಕಪ್ಪಿನೊಳಗೆ ನೇಯ್ಗೆಯ ಎಳೆ ಕೂಡ ಕಂಡಿತು. ಓರಗಿತ್ತಿಗೆ ಇದು ಕಾಣದಿರಲಿ ಎಂದು ಮೊಬೈಲಿಗೆ ಸೆರಗು ಮರೆ ಮಾಡಿದೆ.

ಇನ್ನು ತೆಗೆದುಹಾಕುವ ಕೆಲಸ. ಎಡಕ್ಕೆ ಒಂದು ಜಾಲಿಗಿಡ ಇಣುಕುತ್ತಿತ್ತು, ಬಲಕ್ಕೆ ಸರಿದು ಅದನ್ನು ಕಳೆದೆ. ಬಲಕ್ಕೆ ಸರಿದರೆ ಕರೆಂಟಿನ ತಂತಿ. ಇನ್ನಷ್ಟು ಕೆಳಗಾದರೆ ತಂತಿ ಹೋಯಿತು, ಬಲೆಯ ಗೂಟ ಬಂತು. ಅಜ್ಜಿಯ ಕೆಂಪು ಕೊಡವನ್ನು ಕೇಳಿ ಬದಿಗಿಟ್ಟೆ. ಎಲ್ಲ ಹೋದ ಮೇಲೂ ಒಂದು ಉಳಿಯುತ್ತಿತ್ತು, ಓರಗಿತ್ತಿ. ನಾನು ಯಾವ ಕಡೆ ಹೊರಳಿದರೂ ಚೌಕಟ್ಟಿನ ಅಂಚಿನಲ್ಲಿ ಅವಳ ಹಳದಿ ಸೀರೆ. ನನ್ನ ಹಿಂದೆ ಹೋಗಿ ನಿಲ್ಲು ಎಂದೆ, ದನಿ ಸ್ವಲ್ಪ ಗಡುಸಾಗಿಯೇ ಇತ್ತು. ಹೂಂ ಅಕ್ಕಾ ಎಂದು ಬಂದು ನನ್ನ ಹಿಂದೆ ಕೂತಳು. ಅಷ್ಟು ಬೇಗ ಹೂಂ ಅನ್ನುವವರ ಜೊತೆ ಜಗಳ ಆಡುವುದೂ ಕಷ್ಟ.

ಮೊದಲ ಚಿತ್ರ ಒತ್ತಬೇಕು ಅನ್ನುವಾಗ ಡ್ಯಾಮಿನ ಕಡೆಯಿಂದ ಗಾಳಿ ಎದ್ದಿತು. ಕಂಬಳಿ ಒಮ್ಮೆ ಉಬ್ಬಿತು, ಕೋಲು ವಾಲಿತು, ಎರಡೂ ಮಗುಚಿ ಬಿದ್ದವು. ನೆಲಕ್ಕೆ ಬಿಡಬಾರದು ಎಂದು ಅಜ್ಜಿ ಹೇಳಿದ್ದು ತಲೆಯಲ್ಲಿತ್ತು. ಎದ್ದು ಓಡಿದೆ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಕಂಬಳಿ ಹಿಡಿದರೆ ಗಾಳಿಗೆ ಕಂಬಳಿ ನನ್ನನ್ನೇ ಎಳೆದುಕೊಂಡು ಹೋಗುವ ಹಾಗಿತ್ತು. ಕೈ ಖಾಲಿಯಾಗಲಿ ಎಂದು ಅದನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡೆ. ಅದರ ಒಳಗೆ ಹೊಗೆಯ ವಾಸನೆ, ಭಂಡಾರದ ಅರಿಸಿನದ ವಾಸನೆ, ಹಾಲಿನ ವಾಸನೆ. ಗಾಳಿಯ ಸದ್ದು ಒಮ್ಮೆಲೇ ನಿಂತಿತು. ಕೋಲು ನೆಡಲು ಗಟ್ಟಿ ನೆಲ ಹುಡುಕುತ್ತ ಮುಂದೆ ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಎಡಗಾಲಿನ ಹಿಮ್ಮಡಿಗೆ ಮುಳ್ಳು ಕಚ್ಚಿತು. ಕಾಲು ಎತ್ತಿ ಅಲ್ಲೇ ನಿಂತೆ.

ಓರಗಿತ್ತಿ ಬಂದಳು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ನನ್ನ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಮುಳ್ಳು ತೆಗೆದಳು. ನೋವು ಆಗಲೇ ಇಲ್ಲ. ಅದೂ ಅವಳಿಗೆ ಚೆನ್ನಾಗಿ ಬರುತ್ತದೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಗಾಳಿ ತಗ್ಗಿದ ಮೇಲೆ ಕೋಲು ನೆಟ್ಟು, ಕಂಬಳಿ ಹೊದಿಸಿ, ಮತ್ತೆ ಮಣ್ಣಿನಲ್ಲಿ ಮಲಗಿ ನನ್ನ ಚಿತ್ರ ತೆಗೆದೆ. ತೆಗೆದ ಕೂಡಲೇ ಇದು ಆಯಿತು ಎಂದು ಗೊತ್ತಾಯಿತು. ಕೆಳಗೆ ಮಣ್ಣಿನ ಪಟ್ಟಿ, ನಡುವಿನಿಂದ ಸ್ವಲ್ಪ ಬಲಕ್ಕೆ ಕಂಬಳಿ, ಉಳಿದದ್ದು ಬಿಳುಪು. ಒಂದು ಹುಲ್ಲುಕಡ್ಡಿಯೂ ಹೆಚ್ಚಿಲ್ಲ. ಈಗ ನೀನು ತೆಗಿ ಎಂದು ಉದಾರವಾಗಿ ಓರಗಿತ್ತಿಗೆ ಜಾಗ ಬಿಟ್ಟೆ. ನನ್ನದು ಆಗಿದೆ ಅಕ್ಕಾ ಎಂದಳು. ಯಾವಾಗ ಎಂದು ಕೇಳಿದೆ. ನಕ್ಕಳು. ತೋರಿಸು ಎಂದೆ. ತೋರಿಸಬಾರದು ಎಂದು ಮಾವನವರು ಹೇಳಿದ್ದಾರಲ್ಲ ಎಂದಳು. ಬಸ್ಸಿನಲ್ಲಿ ಏನೋ ಕೈ, ಟೊಪ್ಪಿಗೆ ತೆಗೆದು ಅದನ್ನೇ ಕಳಿಸುತ್ತಾಳೆ ಎಂದುಕೊಂಡೆ. ಮರಳಿ ಬರುವಾಗ ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮಾವನವರು ಎರಡೂ ಚಿತ್ರಗಳನ್ನು ಒಂದೇ ಅಳತೆಗೆ, ಹೊಳಪಿಲ್ಲದ ಕಾಗದದ ಮೇಲೆ ಹಾಕಿಸಿ ತಂದರು. ಅಂಗಡಿಗೆ ರಜೆ ಇದ್ದ ದಿನ ಗಾದಿಯ ಮುಂದೆ ಹಗ್ಗ ಕಟ್ಟಿ ಎರಡನ್ನೂ ತೂಗುಹಾಕಿದರು. ಅತ್ತೆ, ಇಬ್ಬರು ಗಂಡುಮಕ್ಕಳು, ಲೆಕ್ಕ ಬರೆಯುವ ಹಳೆಯ ಮುನೀಮರು, ನಾವಿಬ್ಬರು. ಬಾಯಿಂದ ಹೇಳುವುದು ಬೇಡ ಎಂದರು ಮಾವನವರು. ಸೊಸೆಯರ ಮಾತನ್ನು ಬಾಯಿಂದ ಹೇಳಿದರೆ ಮನೆ ಒಡೆಯುತ್ತದೆ, ರುಮಾಲಿನ ಒಳಗೆ ಹೇಳಿ ಎಂದರು.

ಮಾವನವರು ಹರೆಯದಲ್ಲಿ ಉಣ್ಣೆ ಕೊಳ್ಳಲು ಬಜಾರಗಳನ್ನು ಸುತ್ತಿದವರು. ದನದ ಬಜಾರದಲ್ಲಿ, ಉಣ್ಣೆಯ ಬಜಾರದಲ್ಲಿ ದರವನ್ನು ಕೂಗುವುದಿಲ್ಲ. ಕೈಗಳ ಮೇಲೆ ರುಮಾಲು ಹೊದಿಸಿ, ಒಳಗೆ ಬೆರಳು ಹಿಡಿದು ಹೇಳುತ್ತಾರೆ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ. ರುಮಾಲಿನೊಳಗೆ ಆದದ್ದನ್ನು ಆಮೇಲೆ ಯಾರೂ ಹೊರಗೆ ಆಡುವುದಿಲ್ಲ. ಎಡಗಡೆಯ ಚಿತ್ರಕ್ಕೆ ಒಂದು ಬೆರಳು, ಬಲಗಡೆಯದಕ್ಕೆ ಎರಡು ಎಂದು ಮಾವನವರು ಹೇಳಿದರು.

ಎಡಗಡೆಯದು ನನ್ನದು. ಅಚ್ಚುಕಟ್ಟಾಗಿ, ಕಪ್ಪು ಕಪ್ಪಾಗಿ, ಬಿಳುಪು ಬಿಳುಪಾಗಿ ನಿಂತಿತ್ತು. ಆಮೇಲೆ ಬಲಗಡೆ ನೋಡಿದೆ.

ಖಾಲಿ ಹೊಲ, ಬಿಳಿ ಆಕಾಶ. ನಡುವೆ ಕಂಬಳಿಯ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ನಮಗೆ ಬೆನ್ನು ಮಾಡಿ ಹೊರಟ ಒಬ್ಬ ಹೆಂಗಸು. ತಲೆಯಿಂದ ಮೊಣಕಾಲಿನವರೆಗೆ ಕಂಬಳಿ, ಕೆಳಗೆ ಮಣ್ಣು ಮೆತ್ತಿ ಬಣ್ಣ ತಿಳಿಯದ ಸೀರೆಯ ಅಂಚು, ಬರಿಗಾಲು. ಎಡಗಾಲಿನ ಹಿಮ್ಮಡಿ ಮಾತ್ರ ಮಣ್ಣಿನಿಂದ ಮೇಲೆದ್ದಿದೆ, ಇನ್ನೇನು ಮುಂದಿನ ಹೆಜ್ಜೆ ಬೀಳಬೇಕು. ಹೊಲದ ಅಂಚು ಸ್ವಲ್ಪ ವಾಲಿತ್ತು. ಕಂಬಳಿ ಬೂದಿ ಬಣ್ಣಕ್ಕೆ ತಿರುಗಿತ್ತು, ಬೆಳಕು ಕಟ್ಟಿಹಾಕಲು ಅವಳಿಗೆ ಬರುವುದಿಲ್ಲವಲ್ಲ. ಆದರೆ ನೋಡಿದ ಕೂಡಲೇ ಮೈಗೆ ಬೆಚ್ಚಗಾಯಿತು. ಆ ಕಂಬಳಿಯೊಳಗಿನ ಹೊಗೆಯ ವಾಸನೆ ಮೂಗಿಗೆ ಬಂತು. ನನ್ನ ಚಿತ್ರದಲ್ಲಿ ಕಂಬಳಿ ಇತ್ತು, ಹೊದ್ದವರು ಇರಲಿಲ್ಲ. ಎಲ್ಲವನ್ನೂ ತೆಗೆಯುತ್ತ ತೆಗೆಯುತ್ತ ನಾನು ಬೆಚ್ಚಗಿರಬೇಕಾದವರನ್ನೂ ತೆಗೆದುಹಾಕಿದ್ದೆ.

ನನ್ನ ಗಂಡ ಹತ್ತಿರ ಹೋಗಿ ನೋಡಿದ.

“ಯಾರಿದು ಮುದುಕಿ? ಏನ ನಡಿಗಿ ಅದ.”

ಅತ್ತೆ ಕನ್ನಡಕ ಏರಿಸಿಕೊಂಡು, ಆ ಕುರುಬರ ಅಜ್ಜಿಯೇ ಇರಬೇಕು, ಹಿಮ್ಮಡಿ ನೋಡಿದರೆ ತಿಳಿಯುವುದಿಲ್ಲವೇ, ಹೊಲದಲ್ಲಿ ದುಡಿದ ಹಿಮ್ಮಡಿ ಎಂದರು. ನಾನು ಸೀರೆಯ ನಿರಿಗೆಯೊಳಗೆ ಪಾದ ಎಳೆದುಕೊಂಡೆ. ಓರಗಿತ್ತಿ ನನ್ನನ್ನೇ ನೋಡುತ್ತಿದ್ದಳು. ಹೇಳಲೇ ಎಂದು ಅವಳ ಕಣ್ಣು ಕೇಳುತ್ತಿತ್ತು. ಬೇಡ ಎಂದು ತಲೆ ಅಲ್ಲಾಡಿಸಿದೆ.

ಕೂಗಬೇಕು ಅನಿಸಿತು. ಊರು ನನ್ನ ತವರಿನ ಕಡೆಯದು. ಹೊಲ ಹುಡುಕಿದ್ದು ನಾನು, ಕೋಲನ್ನು ಮೊದಲು ಕಂಡದ್ದು ನಾನು, ಜಾಲಿಗಿಡವನ್ನೂ ಕೆಂಪು ಕೊಡವನ್ನೂ ಕಳೆದದ್ದು ನಾನು, ಅವಳನ್ನು ಆ ಜಾಗದಲ್ಲಿ ಕೂಡಿಸಿದ್ದೂ ನಾನೇ. ಮುಳ್ಳು ನನ್ನದು, ಬೆನ್ನು ನನ್ನದು. ಅವಳು ಮಾಡಿದ್ದು ಬೆರಳು ಒತ್ತಿದ್ದೊಂದೇ. ಆದರೆ ಬೆರಳು ಒತ್ತುವುದೇ ಈ ಕೆಲಸ ಎಂದು ನನಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಹೊಟ್ಟೆ ಅಷ್ಟು ಉರಿಯಿತು.

ಒಬ್ಬೊಬ್ಬರಾಗಿ ಹೋಗಿ ಬಂದರು. ಅತ್ತೆ, ಮುನೀಮರು, ಗಂಡಂದಿರು, ಓರಗಿತ್ತಿ. ಮಾವನವರ ಮುಖದಲ್ಲಿ ಏನೂ ಕಾಣಲಿಲ್ಲ. ಕೊನೆಗೆ ನಾನು ಗಾದಿಯ ಅಂಚಿಗೆ ಕೂತು ರುಮಾಲಿನೊಳಗೆ ಕೈ ಹಾಕಿದೆ. ಒಂದು ಬೆರಳು ಎಂದು ನಿರ್ಧಾರ ಮಾಡಿಯೇ ಹೋಗಿದ್ದೆ. ನನ್ನ ಕೋಣೆ, ನನ್ನ ಕಿಟಕಿ, ನನ್ನ ಹೆಸರು. ಮುದುಕರ ಒರಟು ಕೈ ನನ್ನ ಒಂದು ಬೆರಳನ್ನು ಹಿಡಿಯಿತು. ಹಿಡಿದು ಒತ್ತಬೇಕು, ಒತ್ತಿದರೆ ಮಾತು ಮುಗಿಯಿತು. ಒತ್ತಲಿಲ್ಲ, ಹಿಡಿದುಕೊಂಡು ಸುಮ್ಮನೆ ಕಾದರು. ಬಜಾರದಲ್ಲಿ ಅದಕ್ಕೆ ಅರ್ಥ ಇದೆ: ವಿಚಾರ ಮಾಡು, ಇನ್ನೂ ಹೊತ್ತಿದೆ ಎಂದು.

ಕತ್ತಲಲ್ಲಿ ಉಣ್ಣೆ ಮುಟ್ಟಿ ಎಳೆಗುರಿಯದೋ ಮುದಿಗುರಿಯದೋ ಹೇಳುವ ಕೈ ಅದು. ಆ ಕೈಗೆ ಈಗ ನನ್ನ ಕಣ್ಣಿನ ಬೆಲೆ ತಿಳಿಯುತ್ತಿತ್ತು. ಒಂದೇ ಬೆರಳು ಕೊಟ್ಟರೆ, ದೊಡ್ಡ ಸೊಸೆಗೆ ಯಾವುದು ಒಳ್ಳೆಯದು ಎಂದು ನೋಡುವುದೇ ಬರುವುದಿಲ್ಲ ಎಂದು ಅವರು ತಿಳಿಯುತ್ತಾರೆ. ಇಲ್ಲವೇ ಬಂದೂ ಸುಳ್ಳು ಹೇಳಿದಳು ಎಂದು ತಿಳಿಯುತ್ತಾರೆ. ಕೋಣೆ ಹೋದರೆ ಹೋಗಲಿ, ಕಣ್ಣು ಹೋಯಿತು ಅನಿಸಿಕೊಳ್ಳಲು ನಾನು ತಯಾರಿರಲಿಲ್ಲ. ಅವಳಿಗೆ ತೆಗೆಯುವುದು ಬಂದಿರಬಹುದು, ನೋಡುವುದರಲ್ಲಾದರೂ ನಾನು ಹಿಂದೆ ಬೀಳಬಾರದು. ದೊಡ್ಡ ಮನಸ್ಸು ಮಾಡಿದೆ ಎಂದು ಯಾರೂ ತಿಳಿಯಬೇಡಿ. ಹೊಟ್ಟೆಕಿಚ್ಚೇ ಎರಡನೆಯ ಬೆರಳನ್ನು ಎತ್ತಿತು.

ಮಾವನವರು ಎರಡೂ ಬೆರಳನ್ನು ಸೇರಿಸಿ ಒತ್ತಿದರು. ರುಮಾಲು ಕೊಡವಿ, ಮಡಿಚಿ ಹೆಗಲ ಮೇಲೆ ಹಾಕಿಕೊಂಡು, ಬಲಗಡೆಯದು ಎಂದರು. ಯಾರು ಎಷ್ಟು ಬೆರಳು ಕೊಟ್ಟರು ಎಂದು ಹೇಳಲಿಲ್ಲ, ಹೇಳುವವರೂ ಅಲ್ಲ. ಓರಗಿತ್ತಿ ಎಷ್ಟು ಕೊಟ್ಟಿದ್ದಳು ಎಂದು ಆಮೇಲೆ ಒಮ್ಮೆ ಅಡುಗೆಮನೆಯಲ್ಲಿ, ಏನೂ ಅಲ್ಲ ಎನ್ನುವ ಹಾಗೆ ಕೇಳಿದೆ. ಅವಳು ಹಿಟ್ಟು ನಾದುತ್ತಲೇ ಉತ್ತರ ಕೊಟ್ಟಳು.

“ರುಮಾಲಿನೊಳಗಿನ ಮಾತು, ಅಕ್ಕಾ. ಹೊರಗ ಹ್ಯಾಂಗ ಹೇಳ್ಲಿ?”

ಅವಳು ನನ್ನ ಚಿತ್ರಕ್ಕೆ ಒಂದು ಬೆರಳು ಕೊಟ್ಟಿದ್ದರೆ ಅದನ್ನು ನಾನು ಸಹಿಸಲಾರೆ. ಕೊಟ್ಟಿರದಿದ್ದರೆ ಅದನ್ನೂ ಸಹಿಸಲಾರೆ. ಮತ್ತೆ ಕೇಳಲಿಲ್ಲ.

ಕೋಣೆಯ ಕೀಲಿ ಕೊಡುವಾಗ ದೀಪ ಛತ್ರಿಗಳನ್ನು ಮೂಲೆಗೆ ಜೋಡಿಸಿ, ನೆಲ ಒರೆಸಿ ಕೊಟ್ಟೆ. ಕೊಳಕು ಕೋಣೆ ಕೊಟ್ಟಳು ಅನ್ನಬಾರದು. ಅವಳು ಕೀಲಿಯನ್ನು ಬಾಗಿಲಿನ ಮೊಳೆಗೇ ತೂಗುಹಾಕಿದಳು, ಇಬ್ಬರಿಗೂ ಇಲ್ಲೇ ಇರಲಿ ಎಂದಳು. ಆ ಮೊಳೆ ಹೊಡೆದದ್ದೂ ನಾನೇ.

ಆಮೇಲೆ ಪ್ರೆಸ್ಸಿನಿಂದ ಫೋನು ಬಂತು. ಚಿತ್ರ ಹೀಗೇ ಅಚ್ಚಾದರೆ ಕಂಬಳಿ ತೀರ ಮಾಸಿದಂತೆ ಬರುತ್ತದೆ, ಕಪ್ಪು ಗಟ್ಟಿ ಮಾಡಿ ಕಳಿಸಿ ಎಂದರು. ಮನೆಯಲ್ಲಿ ಅದು ಬರುವವಳು ಒಬ್ಬಳೇ. ಮಾವನವರು ನನ್ನ ಮುಖ ನೋಡಿದರು. ಓರಗಿತ್ತಿ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು.

“ಕರೀದು ಕರಿನಽ ಉಳೀಬೇಕಂದ್ರ ಏನ ಮಾಡಬೇಕು, ಅದೊಂದು ನನಗ ಹೇಳಿಕೊಡ್ರಿ, ಅಕ್ಕಾ. ನನಗ ಅದು ಬರಂಗಿಲ್ಲ.”

ಈಗ ಹೊತ್ತಿಲ್ಲ, ಆಮೇಲೆ ಹೇಳುತ್ತೇನೆ ಎಂದೆ. ಗಣಕದ ಮುಂದೆ ಕೂತು ವಾಲಿದ ಹೊಲವನ್ನು ನೆಟ್ಟಗೆ ಮಾಡಿದೆ, ಬೂದಿಯಾಗಿದ್ದ ಕಂಬಳಿಗೆ ಅಂಚು ಅಂಚಾಗಿ ಕಪ್ಪು ತುಂಬಿದೆ. ಬೆನ್ನಿನ ಮಡಿಕೆಗಳಲ್ಲಿ ನೇಯ್ಗೆಯ ಎಳೆ ಕಾಣುವಂತೆ ನೆರಳು ಬಿಟ್ಟೆ. ಹಿಮ್ಮಡಿಯ ಬಿರುಕುಗಳನ್ನು ಅಳಿಸಿಬಿಡಲೇ ಎಂದು ಒಂದು ಗಳಿಗೆ ಯೋಚಿಸಿದೆ. ಅಳಿಸಿದರೆ ಚಿತ್ರ ಕೆಡುತ್ತಿತ್ತು. ಹಾಗೇ ಬಿಟ್ಟೆ. ಕೆಲಸ ಮುಗಿಸಿ, ಮೂಲೆಯಲ್ಲಿ ಅವಳ ಹೆಸರು ಕೂಡಿಸಿ ಕಳಿಸಿದೆ.

ಕ್ಯಾಲೆಂಡರು ಬಂದು ಈಗ ಎಲ್ಲ ಕಡೆ ತೂಗುತ್ತಿದೆ. ನಮ್ಮ ಅಂಗಡಿಯಲ್ಲಿ, ಬೀದಿಯ ಹಿಟ್ಟಿನ ಗಿರಣಿಯಲ್ಲಿ, ಅಕ್ಕಲಕೋಟದಲ್ಲಿ ನನ್ನ ತವರಿನ ಪಡಸಾಲೆಯಲ್ಲಿ. ಮೊನ್ನೆ ಬಸ್‍ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ನೋಡಿದೆ. ಗಿರಾಕಿಗಳು ಹೊಗಳಿದಾಗಲೆಲ್ಲ ಓರಗಿತ್ತಿ, ಅಕ್ಕ ಇದ್ದದ್ದಕ್ಕೆ ಬಂತು ಎನ್ನುತ್ತಾಳೆ. ಅವರು ಅದನ್ನು ವಿನಯ ಎಂದು ತಿಳಿದು ಇನ್ನಷ್ಟು ಹೊಗಳುತ್ತಾರೆ. ಕಪ್ಪು ಕಪ್ಪಾಗಿ ಉಳಿಯುವ ಉಪಾಯ ನಾನು ಅವಳಿಗೆ ಇನ್ನೂ ಹೇಳಿಕೊಟ್ಟಿಲ್ಲ.

ತನ್ನ ಬೆನ್ನು ತನಗೆ ಕಾಣದು ಎಂದು ಗಾದೆ. ನನಗೆ ಒಲೆಯ ಮುಂದೆ ನಿಂತರೆ ಎದುರಿನ ಗೋಡೆಯ ಮೇಲೆ ದಿನಾ ಕಾಣುತ್ತದೆ, ಕೆಳಗೆ ಅವಳ ಹೆಸರಿನ ಜೊತೆಗೆ. ತಿಂಗಳು ಮುಗಿದಾಗ ಹಾಳೆ ಹರಿಯುವವಳು ನಾನೇ. ಚಿತ್ರ ಮಾತ್ರ ವರ್ಷಪೂರ್ತಿ ಹರಿಯುವಂತಿಲ್ಲ.